ಅಮ್ಮನ ಬಾನ್ಗಲ್ಲು

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಣ್ಣನಿಗೆ,

ನೀನು, ಅತ್ತಿಗೆ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ಕಾಲೇಜಿನಲ್ಲಿ ನಿಂತೇ ಪಾಠ ಮಾಡುವ ಹಟ ಇನ್ನಾದರೂ ಬಿಡು. ಅಮ್ಮ ಉಂಡು ಮಲಗಿದ್ದಾಳೆ. ಇಸ್ತ್ರಿ ಅಂಗಡಿಯನ್ನು ಈಗ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೇನೆ.

ಹೋದ ವಾರ ಗಿರಾಕಿಯೊಬ್ಬರ ಕೋಟು ಕೊಡಲು ಅವರು ಕೆಲಸ ಮಾಡುವ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಕಲ್ಲಿತ್ತು. ಮೇಲೆಲ್ಲ ಕರಿ ಸಿಪ್ಪೆ, ಒಡೆದ ಮಗ್ಗುಲಲ್ಲಿ ಬೂದಿ ಬಣ್ಣ. ಮೂರು ವರ್ಷದ ಹಿಂದೆ ತಗಡಿನ ಸೂರು ತೂತು ಮಾಡಿ ಅಮ್ಮನ ಇಸ್ತ್ರಿ ಮೇಜಿನ ಮೇಲೆ ಬಿದ್ದದ್ದು ಅದೇ. ಕೆಳಗಿನ ಫಲಕದಲ್ಲಿ ‘ಶಿಲಾ ಉಲ್ಕೆ’ ಎಂದು ಬರೆದು, ಪತ್ತೆ ಮಾಡಿದವರು ಎಂದು ನಿನ್ನ ಹೆಸರು ಹಾಕಿದ್ದರು. ಜೊತೆಗೆ ಇನ್ನೊಂದು ಸಾಲು: ‘ಇಂಥ ಕಲ್ಲುಗಳಿಗೆ ಪ್ರೊಫೆಸರರು ಟಂಕಿಸಿದ ಹೊಸ ಪದ, ಬಾನ್ಗಲ್ಲು.’

ಅಣ್ಣ, ಆ ಪದ ಯಾರದು? ಅವತ್ತು ನೀನು ಕಲ್ಲನ್ನು ತಿರುಗಿಸಿ ನೋಡಿ, “ಉಲ್ಕೆ ಅಂದ್ರೆ ಕಬ್ಬಿಣ ಇರ್ಬೇಕಮ್ಮ. ಇದು ಬರೀ ಕಲ್ಲು, ಯಾರೋ ಎಸೆದಿದ್ದಾರೆ” ಅಂದೆ. ಅಮ್ಮ ಒಪ್ಪಲಿಲ್ಲ. “ಮೇಲಿಂದ ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ. ಇದು ಬಾನ್ಗಲ್ಲು ಕಣೋ” ಅಂದಳು. ಪರೀಕ್ಷೆ ಮಾಡಿಸುತ್ತೇನೆಂದು ಚೀಲಕ್ಕೆ ಹಾಕಿಕೊಂಡು ಹೋದವನು, ಆಮೇಲೆ ಬಿಸಾಕಿದೆ ಎಂದು ಫೋನಿನಲ್ಲಿ ಹೇಳಿದೆ. ಓದಿದ ಮಗನ ಮಾತು ನೋಡು, ಬೀದಿಗೆ ಬೀದಿಯೇ ನಂಬಿತು. ಅಮ್ಮನಿಗೆ ಅರಳುಮರಳು ಎಂದರು. ಬಟ್ಟೆ ಕೊಡಲು ಬಂದವರೂ ಇವತ್ತು ಮೇಲಿಂದ ಏನು ಬಿತ್ತು ಎಂದು ಕೇಳಿ ನಗುತ್ತಿದ್ದರು. ಅವಳು ಅಂಗಡಿಗೆ ಬರುವುದನ್ನೇ ಬಿಟ್ಟಳು. ಮಂಡಿನೋವು ಬರೀ ನೆಪ. ಇದೆಲ್ಲ ನಿನಗೆ ಹೇಳಿದ್ದೆ. ಡಾಕ್ಟರಿಗೆ ತೋರಿಸು ಅಂದೆ ನೀನು. ಅಷ್ಟು ಹೊತ್ತಿಗೆ ನಿನಗೆ ನಿಜ ಗೊತ್ತಿರಲಿಲ್ಲವೇ?

ಬಾಯಿಬಿಟ್ಟು ಕೇಳಿದ್ದರೆ ಅಮ್ಮ ಕಲ್ಲನ್ನು ಖುಷಿಯಿಂದ ಕೊಡುತ್ತಿದ್ದಳು. ಆ ಪದವನ್ನೂ ಕೊಡುತ್ತಿದ್ದಳು. ಹೆತ್ತವಳನ್ನು ಬುದ್ಧಿ ಕೆಟ್ಟವಳು ಅನ್ನಿಸಿ ಕಿತ್ತುಕೊಳ್ಳಬೇಕಿತ್ತೇ? ಹೊರಗಿನವರು ಮಾಡಿದ್ದರೆ ಜಗಳವಾಡಿ ಕೈತೊಳೆದುಕೊಳ್ಳುತ್ತಿದ್ದೆ. ನೀನು ಮಾಡಿದ್ದಕ್ಕೆ ಏನು ಮಾಡಬೇಕೋ ತೋಚುತ್ತಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು. ಮೈ ಹುಷಾರು.

ನಿನ್ನ ತಂಗಿ

ಮಡಿಸುವ ಮುಂಚೆ ಇನ್ನೊಂದು ಮಾತು: ಭಾನುವಾರ ಆ ವಸ್ತುಸಂಗ್ರಹಾಲಯದಲ್ಲಿ ನಿನ್ನ ಭಾಷಣವಂತೆ. ಅಮ್ಮನಿಗೆ ಎಲ್ಲ ಹೇಳಿದ್ದೇನೆ, ಅವಳೂ ಹೊರಟಿದ್ದಾಳೆ. ಬೇಡ ಅಂದರೆ, “ಜಗಳಕ್ಕಲ್ಲ ಕಣೇ, ಅವನು ಏನು ಹೇಳ್ತಾನೋ ಕೇಳ್ಬೇಕು” ಅಂದಳು. ಮುಂದಿನ ಸಾಲಿನಲ್ಲೇ ಕೂರಿಸುತ್ತೇನೆ. ಕಲ್ಲು ಎಲ್ಲಿ ಸಿಕ್ಕಿತೆಂದು ಯಾರಾದರೂ ಕೇಳಿದರೆ, ಅವಳ ಮುಖ ನೋಡಿಕೊಂಡು ಉತ್ತರ ಹೇಳು.