ಅಣ್ಣನ ಕಂಪ್ಯೂಟರಿನ ಸಪ್ಪಳ

ಶಹಾಪುರ, ಫೆಬ್ರುವರಿ ೪, ಬುಧವಾರ

ಬಟ್ಟೆಯ ಡಿಸೈನುಗಳಿರುವ ಡೇಟಾಬೇಸ್ ಫೈಲ್ ಹೊಸ ಕಂಪ್ಯೂಟರಿಗೆ ಸಂಜೆಯವರೆಗೂ ಜೋಡಣೆಯಾಗಲಿಲ್ಲ. ‘ಫೈಲ್ ಬೇರೆಡೆ ಬಳಕೆಯಲ್ಲಿದೆ’ ಎಂಬ ಅದೇ ದರಿದ್ರ ಸಂದೇಶ. ಡಿಸೈನ್ ಸಿಗದೆ ಕೆಳಗೆ ಮಗ್ಗಗಳು ನಿಂತಿದ್ದವು. ಕೊನೆಗೆ ಮಾಳಿಗೆ ಹತ್ತಿ ನೋಡಿದರೆ, ತೀರಿಹೋದ ಲಖನ್ ಅಣ್ಣನ ಹಳೆಯ ಕಂಪ್ಯೂಟರ್ ಇನ್ನೂ ಚಾಲೂ ಇತ್ತು. ಫೈಲ್ ಅದರಲ್ಲಿ ತೆರೆದೇ ಇದ್ದುದರಿಂದ ಹೊಸದಕ್ಕೆ ಸಿಗುತ್ತಿರಲಿಲ್ಲ.

“ವೈನಿ, ಇದನ್ನ ಯಾಕ ಬಂದ್ ಮಾಡಿಲ್ರೀ?” ಎಂದು ಅತ್ತಿಗೆಯನ್ನು ಕೇಳಿದೆ.

“ಅದರ ಫ್ಯಾನಿನ ಸಪ್ಪಳ ಕೇಳಿದ್ರ, ನಿಮ್ಮಣ್ಣ ಒಳಗ ಕೆಲಸ ಮಾಡಾಕತ್ತಾರ ಅನಸ್ತೈತಿ. ನಿದ್ದಿ ಹತ್ತತೈತಿ.”

ನನ್ನ ಕೈ ಮುಂದಾಗಲಿಲ್ಲ. ವೈನಿಯೇ ಬಂದ್ ಮಾಡಿದರು. ಫೈಲ್ ಕೂಡಲೇ ಜೋಡಣೆಯಾಯಿತು. ನಾಳೆಯಿಂದ ಮಗ್ಗಗಳು ಓಡುತ್ತವೆ.

ಆ ಸಪ್ಪಳಕ್ಕೆ ನನಗೇ ತಿಳಿಯದಂತೆ ನಾನೂ ಒಗ್ಗಿಹೋಗಿದ್ದೆನೆಂದು ಈಗ, ನಿದ್ದೆ ಬಾರದ ಈ ರಾತ್ರಿ, ಗೊತ್ತಾಗುತ್ತಿದೆ. ಗೋಡೆಯಾಚೆ ವೈನಿ ಮತ್ತೆ ಮಗ್ಗುಲು ಬದಲಿಸಿದರು.