ನೋವಿಲ್ಲದ ಎದೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ನೀವು ‘ಗಡಿಯಾರ’ ಎಂದು ತಮಾಷೆ ಮಾಡುತ್ತಿದ್ದ ಬುಕ್ ಬೈಂಡಿಂಗ್‌ನವರ ಹೆಂಡತಿ ನಾನು. ನೀವು ಬೇರೆಯವರ ಹೃದಯ ಜೋಡಿಸಿ ಉಳಿಸಿದ್ದ ನನ್ನ ಯಜಮಾನರು ಹೋದ ಮಂಗಳವಾರ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಲೇ ತೀರಿಕೊಂಡರು.

ನೀವಿಟ್ಟ ಹೆಸರಿಗೆ ತಕ್ಕಂತೆ ಒಂಬತ್ತು ವರ್ಷ ಒಂದು ಹೊತ್ತೂ ಮಾತ್ರೆ ತಪ್ಪಿಸಿದವರಲ್ಲ. ಈ ವರ್ಷದ ತಪಾಸಣೆಗೆ ಮಾತ್ರ ಬರಲಿಲ್ಲ. ಶಾಲೆ ಪುಸ್ತಕಗಳ ಕೆಲಸ ತಲೆಮೇಲೆ ಬಂದಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದರು. ಕೇಳಿದರೆ, “ಎದೆನೋವೇ ಇಲ್ವಲ್ಲೇ, ಬರೀ ಸುಸ್ತು. ಮುಂದಿನ ತಿಂಗಳು ಹೋದ್ರಾಯ್ತು ಬಿಡು” ಅನ್ನುತ್ತಿದ್ದರು. ನಾನೂ ಹೂಂ ಅಂದೆ. ಜೋಡಿಸಿದ ಹೃದಯಕ್ಕೆ ನರಗಳ ಸಂಪರ್ಕ ಕಡಿದಿರುತ್ತದೆ, ರಕ್ತನಾಳ ಕಟ್ಟಿಕೊಂಡರೂ ನೋವು ಗೊತ್ತಾಗದಿರಬಹುದು ಎಂದು ನೀವು ಮೊದಲ ವರ್ಷವೇ ಹೇಳಿದ್ದಿರಿ. ಇಬ್ಬರೂ ಮರೆತೇಬಿಟ್ಟೆವು.

ಅಷ್ಟೂ ವರ್ಷದ ವರದಿಗಳನ್ನು ಅವರೇ ಹೊಲಿದು ಕೆಂಪು ರಟ್ಟು ಹಾಕಿದ್ದರು. ಅದನ್ನು ಕಳಿಸುತ್ತಿದ್ದೇನೆ. ಕೊನೆಯಲ್ಲಿ ಹತ್ತನೇ ವರ್ಷಕ್ಕೆಂದು ಖಾಲಿ ಹಾಳೆ ಬಿಟ್ಟಿದ್ದಾರೆ. ಅಲ್ಲಿ ‘ನೋವಿಗಾಗಿ ಕಾಯಬೇಡಿ’ ಎಂದು ನಿಮ್ಮ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದು, ನಿಮ್ಮ ಕೋಣೆಯ ಹೊರಗೆ ರೋಗಿಗಳು ಕಾಯುವ ಬೆಂಚಿನ ಮೇಲಿಡಿ. ಜೊತೆಗೆ ಬಂದ ಹೆಂಡತಿಯರಿಗೂ ಓದಲು ಹೇಳಿ.

ಮನೆಗೆ ಬಂದವರೆಲ್ಲ, “ಪುಣ್ಯಾತ್ಮ, ಒಂಚೂರೂ ನೋವು ಅನುಭವಿಸ್ಲಿಲ್ಲ” ಎಂದು ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ.

ಇಂತಿ,
ಗಡಿಯಾರದವರ ಮನೆಯಾಕೆ