ಹಣೆಯಿಂದ ಇಳಿದ ಮೂಗು

ಕಾಂಗ್ರಾ ಪೇಟೆ,
ಫಾಲ್ಗುಣ 12, ಸಂವತ್ 1949

ಚಿ. ಧ್ಯಾನುವಿಗೆ,

ನಾನು ಕ್ಷೇಮ. ಎಮ್ಮೆ ಕರು ಹಾಕಿತೆಂದು ತಿಳಿದು ಸಂತೋಷವಾಯಿತು. ನಿನ್ನ ಎರಡು ಕಾಗದಕ್ಕೂ ಉತ್ತರಿಸದೆ ಇದ್ದದ್ದು ಮರೆವಿನಿಂದಲ್ಲ. ಬರೆಯಲು ಕೂತಾಗಲೆಲ್ಲ ನಿನ್ನ ಹೆಸರಿಗೆ 'ಚಿರಂಜೀವಿ' ಎಂದು ಸೇರಿಸಲು ಕೈ ಏಳಲಿಲ್ಲ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅನ್ನುತ್ತಾರೆ. ಈ ಊರಲ್ಲಿ ಬರುತ್ತದೆ. ನಿನ್ನ ಹೆಂಡತಿ ಬಿಶ್ನೋಗೂ ಬಂದಿದೆ. ಇಲ್ಲಿನ ವೈದ್ಯರಾದ ಹಕೀಮರ ಮನೆತನಕ್ಕೆ ತಲೆತಲಾಂತರದಿಂದ ಮೂಗು ಕಟ್ಟುವುದೇ ಕಸುಬು. ಜಗಲಿಯ ತುಂಬ ಮೂಗಿಲ್ಲದ ಹೆಂಗಸರು, ಪಕ್ಕದಲ್ಲಿ ಅವರ ಅಪ್ಪಂದಿರು, ಅಣ್ಣಂದಿರು. ಗಂಡನ ಕಡೆಯವನು ನಾನೊಬ್ಬನೇ.

ಮೊದಲ ದಿನ ಹಕೀಮರು ಮೇಣದ ಉಂಡೆ ಹಿಡಿದು, ಬಿಶ್ನೋಳ ಮೂಗು ಹೇಗಿತ್ತೆಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಮಾವನ ಮುಂದೆ ಅವಳು ಮುಸುಕು ಸರಿಸಿದವಳಲ್ಲ, ಮಾತಾಡಿದವಳಲ್ಲ. ನಾನು ಅವಳ ಮುಖ ಮೊದಲು ನೋಡಿದ್ದೇ ನೀನು ಕುಡುಗೋಲು ಬೀಸಿದ ಮೇಲೆ, ರಕ್ತ ಒರೆಸುವಾಗ. ಮುಸುಕಿನ ಸೊಸೆ, ಮುಖ ನೋಡಿಲ್ಲ ಅಂದೆ.

"ಮುಸುಕಿನ ಮರ್ಯಾದೆ ಚೆನ್ನಾಗೇ ಉಳಿಸ್ಕೊಂಡಿದೀರಿ, ಮೂಗೊಂದು ಬಿಟ್ಟು," ಅಂದರು ಹಕೀಮರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಶ್ನೋ ಅವರ ಕೈಯಿಂದ ಮೇಣ ತೆಗೆದುಕೊಂಡು, ಕಣ್ಣು ಮುಚ್ಚಿ, ತಾನೇ ಹಿಸುಕಿ ತನ್ನ ಮೂಗನ್ನು ಮಾಡಿಕೊಟ್ಟಳು. ತುದಿ ಸ್ವಲ್ಪ ಮೊಂಡು.

ಹಕೀಮರು ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗುರುತು ಹಾಕಿದರು. ಅಷ್ಟು ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಅಂಟಿರುವಂತೆ ಉಳಿಸಿ, ತಿರುಚಿ ಕೆಳಗಿಳಿಸಿ ಹೊಲಿದರು. ಬಹಳ ಹಿಂದಿನವರು ಕೆನ್ನೆಯ ಚರ್ಮ ತೆಗೆಯುತ್ತಿದ್ದರಂತೆ. ಹಣೆಯದೇ ಗಟ್ಟಿಯೆಂದು ಆಮೇಲಿನವರು ಕಂಡುಕೊಂಡರಂತೆ. ಉಸಿರಾಡಲು ಜೊಂಡಿನ ಕೊಳವೆ ಇಟ್ಟರು. ನೋವು ತಿಳಿಯದಿರಲೆಂದು ಭಂಗಿ ಕುಡಿಸಿದ್ದರೂ ಅವಳು ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಿದ್ದಳು. ನನ್ನ ತೋಳಿನ ಆ ಗಾಯ ಮಾಯದಿರಲಿ ಎಂದುಕೊಳ್ಳುತ್ತೇನೆ.

ಮೂಗು ಚೆನ್ನಾಗಿ ಬಂದರೆ ಕರೆತನ್ನಿ, ಇಟ್ಟುಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಹೇಸರಗತ್ತೆ ಹೊಡೆಯುವವನಿಗೆ ಒಂದು ಚೊಂಬು ನೀರು ಕೊಟ್ಟದ್ದಕ್ಕೆ ಕೊಯ್ದವನು ನೀನು, ಈಗ ದೊಡ್ಡ ಮನಸ್ಸು ಮಾಡುವವನೂ ನೀನೇ. ಕಾಗದವನ್ನು ಅವಳಿಗೆ ಓದಿ ಹೇಳಿದೆ. ಅಣ್ಣನ ಮನೆಗೆ ಹೋಗುತ್ತೇನೆಂದು ಹಕೀಮರ ತಾಯಿಯ ಕೈಯಲ್ಲಿ ಹೇಳಿಕಳಿಸಿದಳು. ನಾಳೆ ಅವನು ಬರುತ್ತಾನೆ. ನಾನು ತಡೆಯುವುದಿಲ್ಲ.

ದೇವಿ ನಿನಗೆ ಬುದ್ಧಿ ಕೊಡಲಿ. ಆಯುಸ್ಸನ್ನೂ ಕೊಡಲಿ, ನಾಚಿಕೆಪಡುವುದಕ್ಕೆ ಕಾಲ ಬೇಕಲ್ಲ.

ನಿನ್ನ ತಂದೆ,
ಮಿಲಖಿರಾಮ್

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಹೊಲಿಗೆ ಬಿಚ್ಚುವಾಗ ಹಕೀಮರು, ಕೊಯ್ದವರು ಯಾರೆಂದು ಕೇಳಿದರು. ದರೋಡೆಕೋರರು ಅಂದುಬಿಟ್ಟೆ.

"ದರೋಡೆಕೋರರಲ್ಲ. ಇವರ ಮಗ," ಅಂದಳು ಬಿಶ್ನೋ. ನಮ್ಮ ಮನೆಗೆ ಬಂದ ಮೇಲೆ ನನ್ನೆದುರು ಅವಳಾಡಿದ ಮೊದಲ ಮಾತು.

ಅಂದಿನಿಂದ ಜಗಲಿಯಲ್ಲಿ ಎಲ್ಲರೂ ಸರದಿಯಂತೆ ಸೇದುವ ಹುಕ್ಕಾ ನನ್ನನ್ನು ದಾಟಿ ಪಕ್ಕದವನಿಗೆ ಹೋಗುತ್ತಿದೆ. ಇತ್ತ ಕೊಡಿ ಎಂದು ಕೇಳಲು ನನಗೆ ಬಾಯಿಲ್ಲ.